ಕಪ್ಪು ಮೊದಲು

ಬಿಸಿಲು ಬ್ಯಾಟರಿಯನ್ನು ಜೂನಿನಲ್ಲೇ ಕೊಂದಿರುತ್ತದೆ.
ಹೆಣ ಮಾತ್ರ ಡಿಸೆಂಬರಿನಲ್ಲಿ ನನ್ನ ಅಂಗಡಿಗೆ ಬರುತ್ತದೆ,
ಮೊದಲ ತಂಪು ಬೆಳಗ್ಗೆ,
'ನಿನ್ನೆಯವರೆಗೂ ಚೆನ್ನಾಗಿತ್ತು' ಅನ್ನುವ ಮಾತಿನ ಜತೆ.

ಇಬ್ರಿಯ ಸನಾಯ್ಯದಲ್ಲಿ, ಟೈರಿನಂಗಡಿಗೂ
ಪಠಾಣನ ವೆಲ್ಡಿಂಗಿಗೂ ನಡುವೆ ನನ್ನ ಶಟರು.
ರಾಯಚೂರಿನವ ನಾನು. ನನಗೇನು ಬಿಸಿಲು ತೋರಿಸ್ತೀರಿ
ಅಂತ ಬಂದವನು.
ಮೊದಲ ವಾರವೇ ಬಾನೆಟ್ಟಿಗೆ ಅಂಗೈ ತಾಗಿ
ಅವ್ವನ ರೊಟ್ಟಿ ಹಂಚು ನೆನಪಾಗಿ ಸುಮ್ಮನಾದೆ.

ಹದಿನಾಲ್ಕು ವರ್ಷದಲ್ಲಿ ಕಲಿತದ್ದು ಇಷ್ಟು:
ಮುಚ್ಚಳ ತಿರುವಿ ಒಳಗೆ ನೋಡು. ತಟ್ಟೆಗಳು ಮುಳುಗಿರಬೇಕು,
ಕಂಠಮಟ್ಟ ತುಂಬಬಾರದು.
ನಲ್ಲಿ ನೀರು ಬೇಡ, ಅದರಲ್ಲಿ ಉಪ್ಪಿದೆ.
ಬಟ್ಟಿ ಇಳಿಸಿದ್ದೇ ಆಗಬೇಕು, ಏನೂ ನೆನಪಿಲ್ಲದ ನೀರು.
ತುದಿಗಳ ಮೇಲೆ ಕೂತ ಹಸಿರು ಬೂಷ್ಟಿಗೆ
ಬಿಸಿನೀರು, ಅಡುಗೆ ಸೋಡಾ, ಹಳೆಯದೊಂದು ಹಲ್ಲಿನ ಬ್ರಷ್ಷು;
ಒಣಗಿದ ಮೇಲೆ ವ್ಯಾಸಲಿನ್,
ಚಳಿಗಾಲದಲ್ಲಿ ಕೂಸಿನ ಗಲ್ಲಕ್ಕೆ ಸವರಿದಷ್ಟು.
ನೆರಳಿದ್ದಲ್ಲಿ ನಿಲ್ಲಿಸು. ಘಾಫ್ ಮರದ್ದಾದರೂ ಸರಿ,
ನೀರಿನ ಟ್ಯಾಂಕಿಯದಾದರೂ ಸರಿ,
ಲಾರಿಯದಾದರೆ ಲಾರಿ ಹೋಗುವತನಕ.

ಹೊಸದು ಕೂರಿಸಿದಾಗೆಲ್ಲ ಮುಚ್ಚಳದ ಮೇಲೆ
ಮೊಳೆಯಿಂದ ತಿಂಗಳು, ಇಸವಿ ಗೀರುತ್ತೇನೆ.
ಎರಡು ಬೇಸಿಗೆ ದಾಟಿದರೆ ಪುಣ್ಯ.
ಮುದುಕ ಖಲ್ಫಾನನ ಪಿಕಪ್ಪಿಗೇ ಏಳು ಸಲ ಗೀರಿದ್ದೇನೆ.

ಬಂದ ಹೊಸತರಲ್ಲಿ ಅವನೆದುರಿಗೇ
ಕೆಂಪು ತಂತಿ ಮೊದಲು ಬಿಚ್ಚಹೋದೆ.
ಸ್ಪ್ಯಾನರು ಬಾಡಿಗೆ ತಗುಲಿ, ಚಟ್ ಅಂತ ಕಿಡಿ ಹಾರಿ
ಅರ್ಧ ಹುಬ್ಬು ಹೋಯಿತು.
ಮಾಲೀಕ ಬೈದ, ಪಠಾಣ ನಕ್ಕ.
ಖಲ್ಫಾನ್ ಫ್ಲಾಸ್ಕಿನಿಂದ ಕಹ್ವಾ ಬಗ್ಗಿಸಿ ಕೊಟ್ಟು
ಕರಿ ತಂತಿ ಮುಟ್ಟಿ ಹೇಳಿದ: ಅಸ್ವದ್, ಅವ್ವಲ್.
ಬಿಚ್ಚುವಾಗ ಕಪ್ಪು ಮೊದಲು. ಕಟ್ಟುವಾಗ ಕಪ್ಪು ಕೊನೆಗೆ.
ಸಲಾಮು ಬಿಟ್ಟರೆ
ನನಗೆ ದಕ್ಕಿದ ಮೊದಲ ಅರಬ್ಬಿ ಅದು.

ಈ ಸಲ ಬಂದವಳು ಅವನ ಮಗಳು ಬದ್ರಿಯಾ.
ಗಾಡಿ ಏಳುತ್ತಿಲ್ಲ, ಮನೆಗೇ ಬಾ, ಎಂದಳು.
ಹೋದೆ. ಖರ್ಜೂರದ ಗರಿಯ ಚಪ್ಪರದಡಿ ಪಿಕಪ್ಪು,
ಗಾಜಿನ ಮೇಲೆ ಧೂಳು, ಧೂಳಿನ ಮೇಲೆ ಬೆಕ್ಕಿನ ಹೆಜ್ಜೆ.
ಮೀಟರು ಹನ್ನೊಂದು ಪಾಯಿಂಟ್ ಎರಡು ತೋರಿಸಿತು.
ಎಷ್ಟು ದಿನಕ್ಕೊಮ್ಮೆ ಓಡಿಸ್ತೀರಿ?
ಓಡಿಸೋದಿಲ್ಲ. ಶುಕ್ರವಾರ ಐದು ನಿಮಿಷ ಸ್ಟಾರ್ಟ್ ಮಾಡ್ತೀನಿ.

ಅಲ್ಲೇ ತಪ್ಪಿದ್ದು ನೀವು, ಅಂತ ಶುರು ಮಾಡಿದೆ.
ಒಂದು ಸ್ಟಾರ್ಟಿಗೆ ಅದು ಕೊಡುವುದು ಬೊಗಸೆ ತುಂಬ,
ಐದು ನಿಮಿಷದಲ್ಲಿ ನೀವು ವಾಪಸು ಹಾಕುವುದು ಚಿಟಿಕೆ.
ಅರ್ಧ ತಾಸು ರಸ್ತೆಯಲ್ಲಿ ಓಡಿಸಿ,
ಇಲ್ಲಾ ಕರಿ ತಂತಿ ಕಳಚಿ ಬಿಟ್ಟುಬಿಡಿ.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ
ತೆರೆದ ಕಿಟಕಿಯ ಕಡೆ ಗಲ್ಲ ತೋರಿಸಿದಳು.
ಒಳಗೆ ಮಂಚ. ದಿಂಬಿನ ಮೇಲೆ ಖಲ್ಫಾನ್,
ಮುಖದ ಒಂದು ಪಾಲು ಅವನದು,
ಇನ್ನೊಂದು ಯಾರದೋ.
ಸದ್ದು ಕೇಳಿದರೆ ಸಾಕು ಅಪ್ಪನಿಗೆ, ಎಂದಳು,
ಐದು ನಿಮಿಷಕ್ಕೆ ನಿದ್ದೆ ಹೋಗ್ತಾನೆ.

ಹದಿನಾಲ್ಕು ವರ್ಷದ ವಿದ್ಯೆ
ಗಂಟಲಲ್ಲಿ ಗುಟುಕಾಗಿ ಕೂತಿತು.
ಬಗ್ಗಿ ಸ್ಪ್ಯಾನರು ಹಾಕಿದೆ.
ಕೈ ಯಾಕೋ ಕೆಂಪಿಗೆ ಹೋಯಿತು.

ಕಿಟಕಿಯಿಂದ ಒಂದು ಸದ್ದು.
ಮಾತಲ್ಲ, ಮಾತಿನ ಚೂರು.
ಅಸ್‌, ಅಷ್ಟೇ.
ಕೈ ಕಪ್ಪಿಗೆ ಸರಿಸಿದೆ.

ಎಂಟನೆಯದನ್ನು ಕೂರಿಸಿ, ಗೀರಿ, ಹಳೆಯದಕ್ಕೆ
ಎರಡು ರಿಯಾಲು ಕಳೆದು ಲೆಕ್ಕ ಹೇಳಿದೆ.
ಶುಕ್ರವಾರ ನನ್ನ ಶಟರು ಏಳುವುದು ಸಂಜೆಗೆ.
ಬೆಳಗ್ಗೆ ಹೋಗಿ ಕೀ ಇಸಿದುಕೊಂಡು
ತನ್‌ಅಮ್‌ವರೆಗೆ ಓಡಿಸಿ ಬರುತ್ತೇನೆ, ಅರ್ಧ ತಾಸು.
ಹೊರಡುವುದೂ ಕೇಳುತ್ತದೆ ಅವನಿಗೆ, ಬರುವುದೂ.
ನಡುವೆ ನಿದ್ದೆ ಮಾಡುವುದಿಲ್ಲವಂತೆ ಈಗ,
ಕಾಯುತ್ತಾನಂತೆ; ಬದ್ರಿಯಾಳಿಗೆ ಅದೇ ಸಿಟ್ಟು.

ಮಾರ್ಚಿನಲ್ಲಿ ನೀರು ನೋಡಬೇಕು.