ಅಲುಗಬೇಡಿ ಅಂದೆ

ಮೊದಲು ತೋಳಿನ ತಾಯಿತ ಬಿಚ್ಚಿಸಿದೆ,
ಆಮೇಲೆ ಬೆರಳಿನ ಅಕೀಕಿನ ಉಂಗುರ,
ಬನಿಯನ್ನಿನ ಒಳಜೇಬಲ್ಲಿದ್ದ ಭಟ್ಟಿಯ ಕೀಲಿ.
ಎಲ್ಲವನ್ನೂ ಹೆಂಡತಿಯ ಸೆರಗಿಗೆ ಸುರಿದು ದಾದಾಪೀರ್ ನಕ್ಕರು:
"ಇನ್ನ ಮೈಮ್ಯಾಲೆ ಕಬ್ಬಿಣ ಇಲ್ರೀ ಮೇಡಂ,
ರಕ್ತದಾಗೂ ಇಲ್ಲಂತ ಹೇಳ್ಯಾರ."

ವಯಸ್ಸು ಅರವತ್ಮೂರು. ಊರು ದಾವಣಗೆರೆ.
ಕಸುಬು, ಮಂಡಕ್ಕಿ ಹುರಿಯುವುದು.
ತೊಂದರೆ ಎಂಬ ಕಡೆ ಡಾಕ್ಟರ ಅಕ್ಷರ ನನಗೂ ಓದಲಾಗಲಿಲ್ಲ,
ಹುಸೇನಬಿ ಬಾಯಲ್ಲೇ ಹೇಳಿದರು:
"ನಿದ್ದ್ಯಾಗ ಹುರೀತಾರ್ರೀ.
ಎರಡೂ ಕೈಲಿ ಸಟ್ಟುಗ ಹಿಡ್ದು ಮರಳು ತಿರುವ್ತಾರ,
ಉರಿ ಸಾಲ್ದು, ಉರಿ ಸಾಲ್ದು ಅಂತಾರ.
ಹೋದ ಶುಕ್ರವಾರ ನನ್ನ ದವಡಿಗೆ ಬಿತ್ತು ಸಟ್ಟುಗ."
ಸಟ್ಟುಗ ಅಂದರೆ ಮೊಣಕೈ.
ಹಸಿರಿಗೆ ತಿರುಗಿದ್ದ ಕಲೆಯನ್ನು ಅವರು ಮುಚ್ಚಿಕೊಳ್ಳಲಿಲ್ಲ.
ನಲವತ್ತೊಂದು ವರ್ಷದಲ್ಲಿ
ಎಚ್ಚರಿದ್ದಾಗ ಒಂದು ದಿನ ಕೈಯೆತ್ತಿದವರಲ್ಲ ಎಂದು
ನನಗಲ್ಲ, ಮೆಷಿನ್ನಿಗೆ ಹೇಳುವವರ ಹಾಗೆ ಹೇಳಿದರು.
ಈಗ ಇಬ್ಬರ ನಡುವೆ ಎರಡು ಚೀಲ ಮಂಡಕ್ಕಿ ಇಡುತ್ತಾರಂತೆ.
ಹಗುರ. ಗುದ್ದಿದರೆ ಪೆಟ್ಟಾಗಲ್ಲ, ಸದ್ದಾಗುತ್ತೆ.

ನಮ್ಮಜ್ಜ ಭದ್ರಾ ನಾಲೆಯ ಕೊನೇ ತೂಬಿನ ನೀರುಗಂಟಿ.
ಕತ್ತಲಾದರೆ ಸಲಿಕೆ ಹೆಗಲಿಗೇರಿಸಿ ಹೋಗಿ
ಹಲಗೆ ಇಳಿಸಿ ಬರುತ್ತಿದ್ದ.
ಮೇಲೆ ನಾಲೆ ಎಷ್ಟು ಮೊರೆಯಲಿ
ಕೆಳಗೆ ಗದ್ದೆ ಮಲಗಿರುತ್ತಿತ್ತು.
ಮಿದುಳಿನ ಬುಡದಲ್ಲೂ ಒಬ್ಬನಿದ್ದಾನೆ ಅಂಥವನು,
ಹೆಬ್ಬೆರಳಿನಷ್ಟು ದಪ್ಪದ ಕಾಂಡದೊಳಗೆ ಕೂತು
ಕನಸು ಶುರುವಾಗುವ ಗಳಿಗೆಗೆ
ಕೈಕಾಲಿಗೆ ಹರಿವ ಹಾದಿ ಮುಚ್ಚುತ್ತಾನೆ.
ನಾವು ಕೋಟೆ ಹಾರಿ, ಕರಡಿಯ ಜೊತೆ ಕುಸ್ತಿ ಬಿದ್ದು,
ಸತ್ತವರನ್ನು ಬೈದು ಅಟ್ಟಿಸಿಕೊಂಡು ಹೋದರೂ
ಹಾಸಿಗೆಯಲ್ಲಿ ಕಿರುಬೆರಳು ಅಲುಗುವುದಿಲ್ಲ.
ದಾದಾಪೀರರ ನೀರುಗಂಟಿ ಎಲ್ಲೋ ಹೋಗಿದ್ದಾನೆ,
ಅಥವಾ ಅಲ್ಲೇ ಇದ್ದಾನೆ, ಕಿವಿ ಕೇಳುತ್ತಿಲ್ಲ.

ನನ್ನದು ರಾತ್ರಿ ಪಾಳಿ.
ಡಾಕ್ಟರ ಅಧ್ಯಯನಕ್ಕೆ ಇವರು ಹತ್ತೊಂಬತ್ತನೆಯವರು.
ಕಿವಿಗೆ ಹತ್ತಿ ತುರುಕಿ, ತಲೆಗೆ ಪಂಜರ ಮುಚ್ಚಿ,
ಅಲುಗಬೇಡಿ ಅಂದೆ.
ನಲವತ್ತು ನಿಮಿಷ
ಢಣಢಣ, ಟರ್ರ್ ಟರ್ರ್, ಸುತ್ತಲೂ ತಗಡು ಬಡಿದ ಹಾಗೆ.
ಅಲುಗಲಿಲ್ಲ ಮನುಷ್ಯ.
ಎಚ್ಚರದಲ್ಲಿ ಇಷ್ಟು ಸುಮ್ಮನೆ ಮಲಗಿದವರನ್ನು
ನಾನು ಕಂಡಿಲ್ಲ.

ಪರದೆಯ ಮೇಲೆ ಮೊದಲು ಬಂದದ್ದು ನೂಲು:
ಅಡ್ಡ ಹಾಯುವುದು ಕೆಂಪು, ಹಿಂದುಮುಂದಿನದು ಹಸಿರು,
ಮೇಲಿಂದ ಇಳಿಯುವುದು ನೀಲಿ.
ಮಿಲ್ಲುಗಳಿದ್ದ ಕಾಲದಲ್ಲಿ ಈ ಊರಲ್ಲಿ
ಬಣ್ಣದ ತೊಟ್ಟಿಗೆ ಕೈಯದ್ದಿದವರು ನೋಡಿದ್ದರೆ ನಗುತ್ತಿದ್ದರು.
ಇಲ್ಲಿ ಬಣ್ಣ ಹಾಕುವುದು ಲೆಕ್ಕ. ನೂಲು ನೂಲೇ ಅಲ್ಲ,
ಒಳಗೆ ನೀರು ಯಾವ ಕಡೆ ಜಾರುತ್ತದೆ
ಎಂಬ ಅಂದಾಜು.

ಆಮೇಲೆ ಆ ಎರಡು ಚುಕ್ಕೆ, ಎಡಕ್ಕೊಂದು ಬಲಕ್ಕೊಂದು.
ಪುಸ್ತಕದಲ್ಲಿ ಅದರ ಹೆಸರು ನೀಲಿ ಜಾಗ.
ಅಕ್ಕಿಕಾಳಿನಷ್ಟು, ನೀರುಗಂಟಿಯ ಪಕ್ಕದ ಮನೆ.
ಅವನಂತೂ ಯಾವ ಚಿತ್ರಕ್ಕೂ ಸಿಗದಷ್ಟು ಸಣ್ಣವನು,
ಈ ಮನೆಯ ದೀಪ ಮಾತ್ರ
ನಮ್ಮ ಪರದೆಯಲ್ಲಿ ಬೆಳ್ಳಗೆ ಹೊಳೆಯಬೇಕು.
ಎಡದ್ದು ಮಂಕು.
ಬಲದ್ದನ್ನು ಹೊಳಪು ಏರಿಸಿ ಏರಿಸಿ ಹುಡುಕಿದೆ.
ಕಾಳು ಇದ್ದ ಜಾಗ ಇತ್ತು.

ಹೀಗಾದ ಎಷ್ಟೋ ವರ್ಷಕ್ಕೆ ಕೆಲವರ ಕೈ ನಡುಗತೊಡಗುತ್ತದೆ.
ಎಲ್ಲರದೂ ಅಲ್ಲ.
ಅದನ್ನು ಹೇಳುವುದು ನನ್ನ ಸಂಬಳದಲ್ಲಿಲ್ಲ.

ಹೊರಗೆ ಬೆಂಚಿನ ಮೇಲೆ ಹುಸೇನಬಿ
ಗಂಡನ ಉಂಗುರ ತನ್ನ ಹೆಬ್ಬೆರಳಿಗೆ ಹಾಕಿಕೊಂಡು ಕೂತಿದ್ದರು.
"ಕನಸು ಬಿತ್ತೇನ್ರೀ ಫೋಟೋದಾಗ?"
ಇಲ್ಲಮ್ಮ, ಅದು ಬೀಳಲ್ಲ.
"ಬಿದ್ದಿದ್ರ ನೋಡ್ತಿದ್ದೆ.
ಉರಿ ಸಾಲ್ದು ಅಂತ ಬೈತಾರಲ್ಲ ದಿನಾ,
ಹೊಟ್ಟು ಸುರುವಿ ಉರಿ ಹಾಕ್ತಿದ್ದಾಕಿ ನಾನೇರೀ."

ಇಬ್ಬರೂ ಆಟೋ ಹತ್ತಿದ ಮೇಲೆ
ಒಳಗೆ ಬಂದು ಹಾಳೆ ತುಂಬಿದೆ.
ಕೊನೆಯ ಸಾಲಿನಲ್ಲಿ ಯಾವಾಗಲೂ ಒಂದು ಪ್ರಶ್ನೆ ಇರುತ್ತದೆ,
ರೋಗಿಯ ಚಲನೆ.
ಇಲ್ಲ, ಎಂದು ಬರೆದೆ.