ಕಾಲಂ ಏಳು

ಬೀಳ್ಕೊಡುಗೆ ಶನಿವಾರ. ಬಿನ್ನವತ್ತಳೆ ಬರೆಯುವ ಕೆಲಸ
ನನ್ನ ಪಾಲಿಗೆ ಬಿತ್ತು, ಅಕ್ಷರ ದುಂಡಗಿದೆಯಂತೆ.
ಮೇಜಿನ ಮೇಲೆ ಬಯೋಡೇಟಾ, ನಾಲ್ಕು ಪುಟ:
ಪ್ರೊಫೆಸರ್ ರುಕ್ಮಾ ತಾಂಡೇಲ, ಹುಟ್ಟೂರು ಸುಂಕೇರಿ,
ಕರಾವಳಿ ನೀತಿ ಅಧ್ಯಯನ ಕೇಂದ್ರಕ್ಕೆ ಹನ್ನೊಂದು ವರ್ಷ ನಿರ್ದೇಶಕಿ,
ಸಮಿತಿ ಇಪ್ಪತ್ತಮೂರು, ಅಧ್ಯಕ್ಷಗಿರಿ ಆರಕ್ಕೆ,
ರಾಜೀನಾಮೆ ಒಂದಕ್ಕೆ.
ಅದನ್ನು ಬರೆಯಲೋ ಬೇಡವೋ ಕೇಳಲು ಹೋದರೆ
ಫೋನಿನಲ್ಲಿದ್ದರು. ಕೈಸನ್ನೆಯಲ್ಲೇ ಕೂರಿಸಿದರು.

ಇಪ್ಪತ್ತಾರು ವರ್ಷ ಕೂತಿದ್ದೇನೆ ಈ ಕುರ್ಚಿಯಲ್ಲಿ,
ಇದರ ಬೆತ್ತವನ್ನೇ ಮೂರು ಸಲ ಹೆಣೆಸಿದ್ದೇವೆ.
ಅವರ ಬೆನ್ನಿಗೆ ಕಿಟಕಿ. ಆಚೆ, ಕಡಲು ಸೇರುವ ಮೊದಲು
ಕಾಳಿ ಒಮ್ಮೆ ಅನುಮಾನಿಸಿ ನಿಲ್ಲುವ ಜಾಗ,
ಸದಾಶಿವಗಡದ ಗುಡ್ಡ, ಸೇತುವೆ, ಮರಳಿನ ದೋಣಿ.
ಮಂತ್ರಿ ಬಂದಾಗಲೂ ಪರದೆ ಹಾಕಿಸಲಿಲ್ಲ.
'ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಮೇಡಂ.'
'ಹೊಡೆಯಲಿ, ಸರ್.'

ಮೊದಲ ವರದಿ ಕಪಾಟಿನ ಕೆಳಹಲಗೆಯಲ್ಲಿದೆ,
ನಾನು ಸೇರುವುದಕ್ಕೂ ಮುಂಚಿನದು, ಅಂಚು ಗೆದ್ದಲು ತಿಂದಿದೆ.
ಆಗ ಅವರಿಗೆ ಇಪ್ಪತ್ತೇಳು.
ಬಿದಿರ ಗಳು ನೆಟ್ಟು, ಉಬ್ಬರ ಮುಟ್ಟಿದಲ್ಲಿ ಸುಣ್ಣ ಬಳಿದು,
ಒಂಬತ್ತು ಹುಣ್ಣಿಮೆ ಒಂಬತ್ತು ಅಮಾವಾಸ್ಯೆ ಕಾದು
ಹೊಳೆಯ ಎರಡೂ ದಡಕ್ಕೆ ರೇಖೆ ಎಳೆದ ಹುಡುಗಿ.
ರೇಖೆ ಸರಿಯಿತ್ತು. ಇವತ್ತಿಗೂ ಯಾರೂ ಅಲ್ಲಾಡಿಸಿಲ್ಲ.
ತಪ್ಪಿದ್ದು ಕೋಷ್ಟಕ: ನದಿಯನ್ನು ಆಶ್ರಯಿಸಿದವರು.
ದೋಣಿ ಇದ್ದವರು, ಬಲೆ ಇದ್ದವರು, ಪರವಾನಗಿ, ಸೊಸೈಟಿ,
ಹೀಗೆ ಆರು ಕಾಲಂ.
ಇಳಿತದ ಹೊತ್ತಿಗೆ ಸೊಂಟದ ನೀರಿಗಿಳಿದು
ಕಾಲ್ಬೆರಳಲ್ಲಿ ಕೆಸರು ತಡಕಿ ಚಿಪ್ಪಿ ಹೆಕ್ಕುವ ಹೆಂಗಸರು
ಯಾವುದರಲ್ಲೂ ಇರಲಿಲ್ಲ.
ಅವರಲ್ಲೊಬ್ಬಳು ಇವರ ಆಯಿ.
ಚಿಪ್ಪಿಯ ದುಡ್ಡಲ್ಲೇ ಧಾರವಾಡದ ಹಾಸ್ಟೆಲ್ಲು, ಪರೀಕ್ಷೆಯ ಫೀಸು.

ಮರುವರ್ಷ ಜೆಟ್ಟಿ ಬಂತು. ಪರಿಹಾರದ ಪಟ್ಟಿ ಬಂತು,
ಕೋಷ್ಟಕ ನೋಡಿಯೇ ಮಾಡಿದ್ದು.
ಆಯಿ ಜಗಳ ಆಡಲಿಲ್ಲವಂತೆ. ರಾತ್ರಿ ಗಂಜಿ ಬಡಿಸುತ್ತ
'ನಿನ್ನ ಪುಸ್ತಕದಲ್ಲಿ ನೀರು ಚೆನ್ನಾಗಿ ಬಂದಿದೆಯಂತೆ,
ಮಾಸ್ತರು ಹೇಳಿದರು' ಅಂದಳಂತೆ.

ಇದನ್ನು ಮೇಡಂ ನನಗೆ ಹೇಳಿದ್ದು ಒಂದೇ ಸಲ,
ದೆಹಲಿಯ ರೈಲು ತಪ್ಪಿದ ರಾತ್ರಿ, ಮಡಗಾಂವ್ ಪ್ಲಾಟ್‌ಫಾರ್ಮಿನಲ್ಲಿ,
ಬಿಸ್ಕತ್ತು ಅದ್ದಿಕೊಂಡು. ಬಿಸ್ಕತ್ತು ಚಹಾದೊಳಗೆ ಕುಸಿದು ಹೋಯಿತು.

ಏಳನೇ ಕಾಲಮ್ಮನ್ನು ನಾನೇ ಟೈಪು ಮಾಡಿದ್ದೇನೆ
ಹದಿನಾಲ್ಕು ಕರಡಿನಲ್ಲಿ. ಮೇಲಿಂದ ಮರಳಿದಾಗ ಆರೇ.
ದಾಖಲೆ ಎಲ್ಲಿದೆ. ಇದು ಹಂಗಾಮಿ ಚಟುವಟಿಕೆ.
ಒಮ್ಮೆಯಂತೂ, ಪುಟದ ಅಗಲ ಸಾಲುವುದಿಲ್ಲ.
ಅವರೇ ಅಧ್ಯಕ್ಷೆಯಾಗಿದ್ದ ಸಮಿತಿಯಲ್ಲೂ ಅದು
ಅಚ್ಚಾಗುವ ಹೊತ್ತಿಗೆ ಅಡಿಟಿಪ್ಪಣಿಗೆ ಇಳಿಯಿತು.
ರಾಜೀನಾಮೆ ಅದಕ್ಕೆ.

ಹೋದ ಮಳೆಗಾಲ ಹೊಸ ಆದೇಶ ಬಂತು. ಏಳು ಕಾಲಂ!
ಹೆಸರು ತುಂಬಲು ಇಬ್ಬರೂ ಸುಂಕೇರಿಗೆ ಹೋದೆವು.
ಮರಳು ತೆಗೆದೂ ತೆಗೆದೂ ಹೊಳೆಯ ತಳ ಬರೀ ಹೊಂಡ,
ಕಾಲಿಗೆ ನೆಲ ಸಿಗುವುದಿಲ್ಲ. ನಾಲ್ಕೇ ಜನ ಉಳಿದಿದ್ದರು.
'ನೀರು ಏರೂ ಮುಂಚೆ ಬರ್ಬೇಕಿತ್ತು ಬಾಯಿ,
ಈಗೇನು ಎಣಿಸೂದು?'
ಮೇಡಂ ಅದನ್ನೂ ಬರೆದುಕೊಂಡರು, ಹೇಳಿದವಳ ಹೆಸರಿನೊಂದಿಗೆ.

ಫೋನಿಟ್ಟರು. ಹಾಳೆ ಕೇಳಿ ತೆಗೆದುಕೊಂಡರು.
ಪ್ರಶಸ್ತಿಗಳ ಪುಟ ಓದದೆ ಮಗುಚಿದರು,
ರಾಜೀನಾಮೆಯ ಎದುರು ಒಂದು ಸಣ್ಣ ಸರಿಗುರುತು.
'ಮೊದಲ ವರದಿ ಎಲ್ಲಿ, ಬಾಂದೇಕರ್?'
ಹಳೆಯದು, ಬಿಟ್ಟೆ ಅಂದೆ.
'ಅದೇ ಮೊದಲು ಬರಲಿ. ತಪ್ಪಿತ್ತು ಅಂತಲೂ ಬರೆಯಿರಿ.
ದುಂಡಗೆ.'

ಬರೆಯುತ್ತಿದ್ದೇನೆ. ಬಿನ್ನವತ್ತಳೆಯಲ್ಲಿ 'ತಪ್ಪು' ಎಂಬ ಪದ
ಎಲ್ಲಿಟ್ಟರೂ ಎದ್ದು ಕಾಣುತ್ತದೆ.
ಶಾಲು ಬಂದಿದೆ, ಏಲಕ್ಕಿ ಹಾರಕ್ಕೆ ಹೇಳಿಯಾಗಿದೆ.
ಶನಿವಾರ ನಾಲ್ಕೂ ಹತ್ತಕ್ಕೆ ಇಳಿತ, ಸಭೆಯನ್ನು
ನಾಲ್ಕಕ್ಕೇ ಇಟ್ಟಿದ್ದಾರೆ, ಕೇಳಿದವರಿಲ್ಲ.
ಹೊಸ ನಿರ್ದೇಶಕರ ಕಡೆಯವರು ಟೇಪು ಹಿಡಿದು ಬಂದು
ಕಿಟಕಿಯ ಅಳತೆ ತೆಗೆದುಕೊಂಡು ಹೋದರು,
ಪರದೆಗೆ.