ಗುರುವಾರದ ಆಟ

ಈಗಲೂ ಆ ನೆಲ ಇಳಿಜಾರೇ.
ಕಾಂಕ್ರೀಟು ಸುರಿದು ಮಟ್ಟ ಮಾಡಿದೆವು ಅನ್ನುತ್ತಾರೆ.
ಒಂದು ನಾಣ್ಯ ಬೀಳಿಸಿ ನೋಡಿ:
ಹಿಂದೆ ಪರದೆ ಇದ್ದ ಗೋಡೆಯ ಕಡೆಗೇ
ದಾರಿ ಗೊತ್ತಿದ್ದವರ ಹಾಗೆ ಉರುಳುತ್ತದೆ.

ವಾರಕ್ಕೆ ಮೂರು ಸಲ ತಮ್ಮ ನಾರ್ಬರ್ಟನನ್ನು
ಇಲ್ಲಿಗೇ ಡಯಾಲಿಸಿಸ್ಸಿಗೆ ಕರೆತರುತ್ತೇನೆ.
ಇಡೀ ಮಾಲಿನಲ್ಲಿ ಉಸಿರಿರುವುದು ಈ ಒಂದು ಮೂಲೆಗೆ.
ಗಾಲಿಕುರ್ಚಿಗೆ ಬ್ರೇಕು ಹಾಕಲು ಮರೆತರೆ
ಅವನೂ ಅತ್ತಲೇ ಜಾರುತ್ತಾನೆ:
"ಬರ್ನಿ, ಮುಂದಿನ ಸಾಲು ಬೇಡ ಕಣೆ, ಕತ್ತು ನೋಯುತ್ತೆ."

ಬಫಲೋ ಊರಿನ ಹೊರಗೆ, ಹೆದ್ದಾರಿ ಕವಲಾಗುವಲ್ಲಿ
ಶೂ ಅಂಗಡಿ, ಆರ್ಗನ್ ನುಡಿಸುತ್ತಲೇ ಆರ್ಗನ್ ಮಾರುವವನು,
ಕಾಸು ಎಸೆಯುವ ಕಾರಂಜಿ; ಅದರಾಚೆ ನಮ್ಮ ಅವಳಿ ಟಾಕೀಸು.
ಒಂದೇ ಹೊಟ್ಟೆಯೊಳಗೆ ಎರಡು, ನಡುವೆ ಹಪ್ಪಳದಂಥ ಗೋಡೆ.
ಇಲ್ಲಿ ಒಬ್ಬಳು ಮಂಚದ ಮೇಲೆ ಮೆಲ್ಲಗೆ ಸಾಯುತ್ತಿದ್ದರೆ
ಅಲ್ಲಿ ಯಾರದೋ ಲಾರಿ ಸೇತುವೆಯಿಂದ ಬೀಳುತ್ತಿತ್ತು.
ಅಳುತ್ತಿದ್ದವರು ಬೆಚ್ಚಿಬಿದ್ದು
ಮತ್ತೆ ಬಿಟ್ಟಲ್ಲಿಂದ ಅಳುತ್ತಿದ್ದರು.

ನನಗಾಗ ಹದಿನೇಳು. ಟಿಕೇಟು ಹರಿದು
ಅರ್ಧ ಅವರ ಕೈಗೆ, ಅರ್ಧ ಡಬ್ಬಿಗೆ.
ಹೊರಗಿನ ಫಲಕಕ್ಕೆ ಅಕ್ಷರ ಏರಿಸುವವಳೂ ನಾನೇ, ಉದ್ದದ ಕೋಲು ಹಿಡಿದು.
ಡಬ್ಲ್ಯೂ ಇದ್ದದ್ದು ಎರಡೇ; ಸಾಲದಿದ್ದರೆ ಎಂ ತಲೆಕೆಳಗು.
ಫೆಬ್ರವರಿಯಲ್ಲಿ ಸರೋವರದ ಗಾಳಿಗೆ ಉದುರಿದವು
ಏಪ್ರಿಲ್ಲಿಗೆ, ಪಾರ್ಕಿಂಗಿನ ಹಿಮದ ಗುಡ್ಡೆ ಕರಗಿದ ಮೇಲೆ ಸಿಗುತ್ತಿದ್ದವು:
ಒಂದು ಕ್ಯೂ, ಅರ್ಧ ಎಸ್, ಯಾರದೋ ಮಗುವಿನ ಕೈಗವಸು.

ಮೇಲಿನ ಗೂಡಿನಲ್ಲಿ ಕ್ಯಾಸಿಮಿರ್ ಗೋರ್ಚಿಟ್ಸಾ.
ಎಡಗಿವಿಯನ್ನು ಪ್ರೊಜೆಕ್ಟರು ತಿಂತು,
ಬಲಗಿವಿಯನ್ನು ಹೆಂಡತಿ, ಅನ್ನುತ್ತಿದ್ದ.
ಗುರುವಾರ ರಾತ್ರಿ, ವಿನಿಗರಿನಲ್ಲಿ ನೆನೆದ ಮೊಟ್ಟೆ ಮೆಲ್ಲುತ್ತ
ಹೊಸ ಚಿತ್ರದ ಡಬ್ಬಿ ಬಿಚ್ಚಿ ರೀಲಿಗೆ ರೀಲು ಅಂಟಿಸುವನು.
ಹನ್ನೆರಡರ ಮೇಲೆ ಒಮ್ಮೆ ಓಡಿಸಿ ನೋಡಬೇಕು.
ನೋಡುವವರು ನಾನು, ಪಾಪ್‌ಕಾರ್ನಿನ ಲೊರೇನ್,
ಮನೆಗೆ ಒಟ್ಟಿಗೆ ಹೋಗೋಣವೆಂದು ಕಾದು
ನನ್ನ ಕೋಟಿನಡಿ ಮುದುಡಿದ ಹನ್ನೆರಡರ ನಾರ್ಬರ್ಟ್.

ಆ ಗುರುವಾರ ಆರನೆಯ ಡಬ್ಬಿ ಬಂದಿರಲಿಲ್ಲ.
ಉಪ್ಪಿನ ಗಣಿಯ ಊರು, ಬಿಟ್ಟುಹೋದ ಹೆಂಡತಿ,
ಗಂಡ ಕಿಟಕಿಯ ಬಳಿ ನಿಂತ. ಅಷ್ಟೇ. ಬಿಳಿ ಬೆಳಕು.
ಕ್ಯಾಸ್ ಮೆಟ್ಟಿಲಿಳಿದು ಸಾಲುಗಳ ನಡುವೆ ಬಂದ,
ಅವನನ್ನು ಕೆಳಗೆ ನಾವು ಕಂಡದ್ದು ಅದೊಂದೇ ಸಲ.
"ಬರ್ತಾಳೆ," ಅಂದ, "ಬರದೆ ಏನು.
ಬಾಗಿಲು ತಟ್ಟುತ್ತಾಳೆ. ಇವನು ಕೂಡಲೇ ತೆಗೆಯೋದಿಲ್ಲ.
ಸಿಟ್ಟಿಗಲ್ಲ.
ಮೊದಲು ಹೋಗಿ ತಲೆ ಬಾಚಿಕೊಳ್ತಾನೆ."

ಅವನ ಹೆಂಡತಿ ಎರೀಗೆ ಹೋಗಿ ಒಂಬತ್ತು ವರ್ಷವೆಂದು
ಲೊರೇನ್ ಹೇಳಿದ್ದು ಆಮೇಲೆ, ಕಾರಿನಲ್ಲಿ,
ಹೀಟರು ಬಿಸಿಯಾಗುವುದನ್ನು ಕಾಯುತ್ತ.

ಮರುದಿನ ಆರನೆಯ ಡಬ್ಬಿ ಬಂತು, ಜನ ನೋಡಿದರು.
ನಾನು ಆ ಹೊತ್ತಿಗೆ ಸರಿಯಾಗಿ ಲಾಬಿಗೆ ಹೋಗಿ
ಇಲ್ಲದ ಕಸ ಗುಡಿಸಿದೆ, ಎರಡು ವಾರ ಪೂರ್ತಿ.

ಈ ಮಂಗಳವಾರ ನಾರ್ಬರ್ಟನ ಕುರ್ಚಿಯ ಪುಟ್ಟ ಟೀವಿಯಲ್ಲಿ
ಅದೇ ಉಪ್ಪು, ಅದೇ ಗಣಿ.
ಬಣ್ಣ ನೆನಪಿಗಿಂತ ತೆಳ್ಳಗೆ.
ಪಕ್ಕದಲ್ಲಿ ಯಂತ್ರದ ಚಕ್ರ ಅವನ ರಕ್ತವನ್ನು
ಸುತ್ತಿ ಸುತ್ತಿ ಒಳಕ್ಕೆ ಕಳಿಸುತ್ತಿತ್ತು.
ಇಬ್ಬರೂ ಮಾತಾಡಲಿಲ್ಲ.
ಗಂಡ ಕಿಟಕಿಯ ಬಳಿ ಬಂದು ನಿಂತ.
ಸೂಜಿ ಇಲ್ಲದ ಕೈ ಚಾಚಿ ನಾರ್ಬರ್ಟ್ ಗುಂಡಿ ಒತ್ತಿದ.

ನರ್ಸು ಬಂದು ಬ್ಯಾಂಡೇಜು ಸುತ್ತಿ ಹೋದಳು.
ಹೊರಡೋಣವೇ ಎಂದು ಬ್ರೇಕಿಗೆ ಕೈ ಹಾಕಿದೆ.
ಆರಿದ ಟೀವಿಯ ಕಪ್ಪನ್ನೇ ನೋಡುತ್ತಿದ್ದವನು
"ಸ್ವಲ್ಪ ಇರು," ಅಂದ,
"ಹೆಸರುಗಳೆಲ್ಲ ಹೋಗಲಿ."